ಮದುವೆ ಕ್ಯಾಮೆರಾ ಹೊಲಕ್ಕೆ ಬಂತು

ಕ್ಯಾಮೆರಾ ಅಂದರೆ ನಮ್ಮ ಕಡೆ ಮದುವೆ, ಕುಬಸ, ಜಾತ್ರೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊಲಕ್ಕೆ ಹೊರಟವನನ್ನು ಕಂಡರೆ ಮಂದಿ ನಗುತ್ತಾರೆ. ನನ್ನನ್ನು ನೋಡಿಯೂ ನಕ್ಕರು. "ಯಾಕಪಾ, ಕಡಲಿಗೆ ಲಗ್ನ ಗೊತ್ತಾತೇನು?" ಅಂತ ಅಗಸಿ ಕಟ್ಟೆಯ ಮೇಲೆ ಕೂತವರು ಕೇಳಿದರು. ನಗಲಿ. ನಾಲ್ಕು ವರ್ಷ ಆಯಿತು, ಕ್ಯಾಮೆರಾ ಇನ್ನೂ ನನ್ನ ಕೊರಳಲ್ಲೇ ಇದೆ. ಅದು ನಮ್ಮಂಥ ಸಣ್ಣ ರೈತರಿಗೆ ಯಾಕೆ ಬೇಕು, ಎಲ್ಲಿ ಬೇಡ ಅನ್ನುವುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ಏಳನೆತ್ತೆ ಓದಿದವನು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನನ್ನ ಊರು ಹುನಗುಂದ ತಾಲೂಕಿನ ರಾಮಥಾಳ. ಹನಿ ನೀರಾವರಿಯಿಂದ ಹೆಸರಾದ ಊರು. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ 24,000 ಹೆಕ್ಟೇರಿಗೆ ಹನಿ ಹನಿಯಾಗಿ ಕೊಡುವ ಯೋಜನೆಗೆ ನಮ್ಮೂರ ಹೆಸರೇ ಇದೆ. ನನ್ನ ಒಂಬತ್ತು ಎಕರೆ ಎರಿ ಹೊಲ ಮಾತ್ರ ಅದರ ಹೊರಗೆ. ಮಳೆಯೇ ಗತಿ. ಮುಂಗಾರಿಗೆ ಒಂದಿಷ್ಟು ಹೆಸರು, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಅಕ್ಕಡಿ ಸಾಲಿಗೆ ಕುಸುಬೆ. ಅಪ್ಪನ ಕಾಲದಿಂದ ಇದೇ.

ಕ್ಯಾಮೆರಾ ಬಂದದ್ದು ನನ್ನ ತಂಗಿಯ ಮಗನಿಂದ. ಅವನು ಮದುವೆ ಫೋಟೊ ತೆಗೆಯುವವನು. ಹೊಸದು ಕೊಂಡಾಗ ಹಳೆಯದನ್ನು ನನಗೆ ದಾಟಿಸಿದ. ಕ್ಯಾನನ್ 1300ಡಿ ಅಂತ ಅದರ ಹೆಸರು. 2016ರಲ್ಲಿ ಪೇಟೆಗೆ ಬಂದ ಮಾಡೆಲ್ಲು. "ಮಾಮಾ, ಇದು ಕ್ರಾಪ್ ಸೆನ್ಸರ್ ಕ್ಯಾಮೆರಾ, ವೈಫೈನೂ ಐತಿ" ಅಂದ. ನನಗೆ ಭಾರೀ ಖುಷಿಯಾಯಿತು. ಕ್ರಾಪ್ ಅಂದರೆ ಬೆಳೆ. ಸೆನ್ಸರ್ ಅಂದರೆ ಹನಿ ನೀರಾವರಿಯವರು ಹೇಳುವ, ಮಣ್ಣಿನ ತೇವ ಅಳೆಯುವಂಥ ಸಾಮಾನು. ಹಾಗಾದರೆ ಇದು ಬೆಳೆ ನೋಡಿ ರೋಗ ಹೇಳುವ ಕ್ಯಾಮೆರಾ ಇರಬೇಕು ಅಂದುಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಕ್ರಾಪ್ ಅಲ್ಲ ಮಾಮಾ, ತಲಿಗೆ ಹೊಡಸ್ತೀವಲ್ಲ, ಆ ಕ್ರಾಪ್" ಅಂದ.

ಅವನು ತಿಳಿಸಿದ್ದು ಹೀಗೆ. ಹಿಂದಿನ ರೀಲ್ ಕ್ಯಾಮೆರಾದ ಒಂದು ಚಿತ್ರದ ಜಾಗ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ರೀಲಿನ ಬದಲು ಈಗ ಬೆಳಕು ಹಿಡಿಯುವ ಒಂದು ಬಿಲ್ಲೆ ಇರುತ್ತದೆ, ಅದೇ ಸೆನ್ಸರ್. ಆ ಪೂರ್ತಿ ಅಳತೆಯ ಬಿಲ್ಲೆ ಹಾಕಿದರೆ ಕ್ಯಾಮೆರಾ ತುಟ್ಟಿ. ಹಾಗಾಗಿ ಸುತ್ತಲೂ ಕತ್ತರಿಸಿದಂತೆ ಚಿಕ್ಕದು ಮಾಡಿ, ಸುಮಾರು 22ಕ್ಕೆ 15 ಮಿಲಿಮೀಟರ್ ಬಿಲ್ಲೆ ಹಾಕಿದ್ದಾರೆ. ಅದೇ ಕ್ರಾಪ್ ಸೆನ್ಸರ್. ಕತ್ತರಿಸಿದ್ದರೂ ನಮ್ಮ ಸಾದಾ ಮೊಬೈಲಿನ ಬಿಲ್ಲೆಗಿಂತ ಎಷ್ಟೋ ದೊಡ್ಡದು. ಮೊಬೈಲಿನದು ಕಿರುಬೆರಳಿನ ಉಗುರಿನಷ್ಟೂ ಇರುವುದು ಕಡಿಮೆ. ಬೆಳಕನ್ನು ಮಳೆ ಅಂತ ತಿಳಿದರೆ ಬಿಲ್ಲೆಯೇ ಹೊಂಡ. ಹೊಂಡ ದೊಡ್ಡದಿದ್ದಷ್ಟೂ ಅಡ್ಡ ಮಳೆಗೂ ನಾಲ್ಕು ಕೊಡ ಹೆಚ್ಚು ನೀರು. ಮುಂಜಾನೆ ಮಬ್ಬಿನಲ್ಲಿ, ಹೊತ್ತು ಮುಳುಗುವಾಗ, ಮೋಡ ಕವಿದಾಗ ಇದರ ಗುಣ ಗೊತ್ತಾಗುತ್ತದೆ. ಹೊಲದಲ್ಲಿ ನಮಗೆ ಕೇಡು ಆಗುವುದೂ ಹೆಚ್ಚಾಗಿ ಅಂಥ ಹೊತ್ತಿನಲ್ಲೇ.

ಇನ್ನು ವೈಫೈ. ಇದಕ್ಕೆ ಇಂಟರ್‌ನೆಟ್ ಬೇಕು ಅಂತ ನಾನೂ ತಿಳಿದಿದ್ದೆ. ಬೇಡ. ನೆಟ್‌ವರ್ಕ್ ಒಂದು ಕಡ್ಡಿಯೂ ಬಾರದ ಹಳ್ಳದ ದಂಡೆಯಲ್ಲೂ ಇದು ನಡೆಯುತ್ತದೆ. ಕ್ಯಾಮೆರಾ ತಾನೇ ಒಂದು ಸಣ್ಣ ಅಲೆ ಹೊರಡಿಸುತ್ತದೆ, ಫೋನು ಅದನ್ನು ಹಿಡಿಯುತ್ತದೆ. ಫೋನಿನಲ್ಲಿ ಆ ಕಂಪನಿಯ ಕ್ಯಾಮೆರಾ ಕನೆಕ್ಟ್ ಎಂಬ ಆ್ಯಪ್ ಇರಬೇಕು, ಅಷ್ಟೇ. ಜೋಡಿಸುವಾಗ ಫೋನು "ಇದರಲ್ಲಿ ಇಂಟರ್‌ನೆಟ್ ಇಲ್ಲ, ಇರಲೋ ಬಿಡಲೋ" ಅಂತ ಕೇಳುತ್ತದೆ. ಇರಲಿ ಅನ್ನಬೇಕು. ನಾನು ಮೊದಲ ಎರಡು ದಿನ ಬೇಡ ಒತ್ತಿ ಒತ್ತಿ, ಕ್ಯಾಮೆರಾ ಕೆಟ್ಟಿದೆ ಅಂತ ಅಳಿಯನಿಗೆ ಬೈದೆ. ಬೇಕಾದ ಚಿತ್ರ ಆರಿಸಿ ಫೋನಿಗೆ ಇಳಿಸಿಕೊಂಡ ಮೇಲೆ ವೈಫೈ ಬಂದ್ ಮಾಡಬೇಕು. ನನ್ನ ಫೋನಿನಲ್ಲಂತೂ ಅದು ಬಂದ್ ಆಗುವ ತನಕ ವಾಟ್ಸಾಪ್ ಹೋಗುವುದಿಲ್ಲ. ಬಿಟ್ಟರೆ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಹೆಸರು ಮೊಳೆತ ವರ್ಷ

ಕ್ಯಾಮೆರಾ ಬಂದ ಹೊಸತು, 2022. ಹೆಸರು ಚೆನ್ನಾಗಿ ಬಂದಿತ್ತು. ಕಿತ್ತು ಹೊಲದಲ್ಲೇ ಒಣಗಲು ಹಾಕಿದ್ದೆವು. ಎರಡು ದಿನ ಬಿಸಿಲು ಬಿದ್ದಿದ್ದರೆ ರಾಶಿ ಮಾಡುವುದಿತ್ತು. ಬಿಸಿಲು ಬೀಳಲಿಲ್ಲ, ಮಳೆ ಬಿತ್ತು. ಬಿಡದೆ ನಾಲ್ಕು ದಿನ. ಕಾಯಿ ಒಳಗೇ ಮೊಳೆತು ಬಾಲ ಬಿಟ್ಟವು. ಮನೆಯವಳು ಒಂದು ಹಿಡಿ ತಂದು ಅಡುಗೆಮನೆಯಲ್ಲಿ ಇಟ್ಟು, "ಉಸುಳಿ ಮಾಡೂನಂದ್ರೂ ವಾಸನಿ ಹಿಡದೈತಿ" ಅಂದಳು.

ವಿಮೆ ಕಟ್ಟಿದ್ದೆ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳು ಬೆಳೆಗೆ ರೈತನ ವಂತಿಗೆ ವಿಮೆ ಮೊತ್ತದ ನೂರಕ್ಕೆ ಎರಡು. ಕೊಯ್ದು ಹರವಿದ ಬೆಳೆ 14 ದಿನದ ಒಳಗೆ ಅಕಾಲ ಮಳೆಗೆ ಸಿಕ್ಕರೆ ಅದಕ್ಕೂ ಪರಿಹಾರ ಉಂಟು, ಆದರೆ 72 ಗಂಟೆಯ ಒಳಗೆ ತಿಳಿಸಬೇಕು. ಎರಡನೇ ದಿನವೇ ಫೋನು ಮಾಡಿ ತಿಳಿಸಿದೆ. ಮಳೆಯಲ್ಲೇ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೂವತ್ತು ಫೋಟೊ ತೆಗೆದೆ. ಮೊಳಕೆ ಎಣಿಸಬಹುದಾದಂಥ ಫೋಟೊ. ನೋಡಲು ಬರುವವರು ಬಂದದ್ದು ಹದಿಮೂರನೇ ದಿನ. ಅಷ್ಟರಲ್ಲಿ ಹಿಂಗಾರಿಗೆ ಹೊಲ ಹಸನು ಮಾಡಬೇಕಲ್ಲ, ಕೊಳೆತದ್ದನ್ನು ಬದುವಿಗೆ ಎಳೆದು ಹಾಕಿದ್ದೆ. ಫೋಟೊ ತೋರಿಸಿದೆ. ಬಂದ ಹುಡುಗ ಜಾಣ. ಫೋನಿನಲ್ಲಿ ಫೋಟೊದ ವಿವರ ತೆಗೆದು ನೋಡಿದ. ತಾರೀಖು ಯಾವುದೋ ಹಳೇ ವರ್ಷದ ಜನವರಿ ಒಂದು!

ಆದದ್ದೇನೆಂದರೆ, ಕ್ಯಾಮೆರಾ ಅಳಿಯನ ಮನೆಯಲ್ಲಿ ಬ್ಯಾಟರಿ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿತ್ತು. ಒಳಗಿನ ಗಡಿಯಾರ ನಿಂತು ಹಿಂದಕ್ಕೆ ಹೋಗಿತ್ತು. ನಾನು ಅದನ್ನು ಸರಿ ಮಾಡಿರಲಿಲ್ಲ. ಸರಿ ಮಾಡಬೇಕು ಅನ್ನುವುದೇ ಗೊತ್ತಿರಲಿಲ್ಲ. ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. "ಕಾಕಾ, ನಿಮ್ಮ ಮಾತು ಖರೆ ಇರಬಹುದು, ಈ ಫೋಟೊ ಖರೆ ಇಲ್ಲ" ಅಂದ. ಒಂದು ಪೈಸೆ ಬರಲಿಲ್ಲ. ತಾರೀಖು ಸರಿ ಇದ್ದಿದ್ದರೆ ಬರುತ್ತಿತ್ತೇ? ಅದನ್ನು ನಾನು ಎದೆ ತಟ್ಟಿ ಹೇಳಲಾರೆ. ಆದರೆ ಬಾರದಿರುವುದಕ್ಕೆ ಒಂದು ನೆಪವನ್ನು ನನ್ನ ಕೈಯಾರೆ ಕೊಟ್ಟೆ, ಅದು ಇವತ್ತಿಗೂ ಚುಚ್ಚುತ್ತದೆ.

ಆ ರಾತ್ರಿ ಮಲಗಿ ಯೋಚಿಸಿದ್ದನ್ನು ಇಲ್ಲಿ ಹೇಳಬೇಕು. 2020ರಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡಬಹುದು ಅಂತ ಆ್ಯಪ್ ಕೊಟ್ಟಿದ್ದಾರೆ. ಹೊಲದಲ್ಲಿ ನಿಂತು, ಸರ್ವೆ ನಂಬರ್ ಹಾಕಿ, ಬೆಳೆಯ ಫೋಟೊ ಏರಿಸಬೇಕು. ಒಳ್ಳೆಯ ಕೆಲಸವೇ. ಅದರ ಮೇಲೆ ಪಹಣಿಯಲ್ಲಿ ಬೆಳೆ ಬರುತ್ತದೆ, ಬೆಂಬಲ ಬೆಲೆ, ವಿಮೆ, ಬರ ಪರಿಹಾರ ಎಲ್ಲಕ್ಕೂ ಅದನ್ನೇ ನೋಡುತ್ತಾರೆ. ಅಂದರೆ ರೈತ ತೆಗೆದ ಫೋಟೊ ನಂಬಲು ಯೋಗ್ಯ ಅಂತ ಸರಕಾರವೇ ಒಪ್ಪಿದ ಹಾಗಾಯಿತು. ಹಾಗಿದ್ದ ಮೇಲೆ ಅದೇ ರೈತ ಅದೇ ಹೊಲದಲ್ಲಿ ಹಾನಿಯ ಫೋಟೊ ತೆಗೆದರೆ ಅದನ್ನು ಪಕ್ಕಕ್ಕೆ ಸರಿಸುವುದು ಯಾವ ನ್ಯಾಯ? ಅವರಿಗೆ ಬೇಕಾದಾಗ ದಾಖಲೆ, ನಮಗೆ ಬೇಕಾದಾಗ ಬರೀ ಚಿತ್ರ. ಸುಳ್ಳು ಫೋಟೊ ಕೊಡುವವರೂ ನಮ್ಮಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ಬೇರೆಯವರ ಹೊಲ ತೋರಿಸಿ ನಮ್ಮದು ಅಂದವರನ್ನು ನಾನೇ ಬಲ್ಲೆ. ಹಾಗಂತ ಖರೆ ಫೋಟೊವನ್ನೂ ಕಸದ ಬುಟ್ಟಿಗೆ ಹಾಕಬಾರದು. ಪರೀಕ್ಷೆ ಮಾಡಲಿ. ಪರೀಕ್ಷೆಗೆ ನಿಲ್ಲುವಂಥ ಫೋಟೊ ತೆಗೆಯುವುದನ್ನು ನಾವು ಕಲಿಯಬೇಕು.

ಇನ್ನೊಂದು ಮಾತನ್ನೂ ತಿಳಿದಿರಬೇಕು. ವಿಮೆ ಪರಿಹಾರ ಬಹಳ ಸಲ ಇಡೀ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ ಇಳುವರಿ ಮೇಲೆ ನಿಂತಿರುತ್ತದೆ. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದರು. ಅಂಥಲ್ಲಿ ನನ್ನೊಬ್ಬನ ಫೋಟೊದಿಂದ ಏನೂ ಆಗುವುದಿಲ್ಲ. ಒಬ್ಬಿಬ್ಬರ ಹೊಲಕ್ಕೆ ಆಗುವ ಹಾನಿ, ಕೊಯ್ದ ಮೇಲೆ ಆಗುವ ಹಾನಿ, ಇಂಥಲ್ಲೇ ಅದರ ಕೆಲಸ. ಈ ಜಾಗ ಮುಂದೆ ದೊಡ್ಡದಾಗುತ್ತದೆ. 2025ರ ನವೆಂಬರದಲ್ಲಿ ಕೇಂದ್ರ ಕೃಷಿ ಸಚಿವಾಲಯ ಪ್ರಕಟಿಸಿದ ಪ್ರಕಾರ 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಗೂ ಫಸಲ್ ಬಿಮಾದಲ್ಲಿ ಅವಕಾಶ. ಯಾವ ಪ್ರಾಣಿ, ಯಾವ ಜಿಲ್ಲೆ ಅಂತ ರಾಜ್ಯ ಸರಕಾರ ಪಟ್ಟಿ ಹೊರಡಿಸಬೇಕು. ರೈತ 72 ಗಂಟೆಯ ಒಳಗೆ, ಸ್ಥಳದ ಗುರುತು ಇರುವ ಫೋಟೊ ಸಮೇತ, ಆ್ಯಪಿನಲ್ಲಿ ತಿಳಿಸಬೇಕು. ಹಂದಿ, ಚಿಗರಿ ಕಾಟ ಕಂಡವರಿಗೆ ಇದರ ಬೆಲೆ ಗೊತ್ತು. ಫೋಟೊ ಬಾರದವನು ಪರಿಹಾರದ ಸಾಲಿನಲ್ಲಿ ನಿಲ್ಲುವ ಹಾಗೇ ಇಲ್ಲ ಅಂತಾಯಿತು.

ಬೀಡು ಅಂತ ಬರೆದಿದ್ದರು

ಕ್ಯಾಮೆರಾ ನಮ್ಮೂರಲ್ಲಿ ಮರ್ಯಾದೆ ಗಳಿಸಿದ್ದು ಒಬ್ಬ ವಿಧವೆ ತಾಯಿಯ ಹೊಲದಿಂದ. ಆಕೆ ಮೂರು ಎಕರೆ ಕಡಲೆ ಹಾಕಿದ್ದಳು. ಸಮೀಕ್ಷೆಗೆ ಬಂದವರು ದಾರಿಯಲ್ಲೇ ನಿಂತು ನೋಡಿದರೋ ಏನೋ, ಬೀಡು ಅಂತ ದಾಖಲಾಗಿತ್ತು. ಬಿತ್ತದ ಹೊಲಕ್ಕೆ ವಿಮೆ ಎಲ್ಲಿಯದು, ಖರೀದಿ ಕೇಂದ್ರದಲ್ಲಿ ಕಡಲೆ ತೆಗೆದುಕೊಳ್ಳುವವರು ಯಾರು? ನಮ್ಮ ಬೆಳೆಗೆ ಏನು ಬರೆದಿದ್ದಾರೆ ಅಂತ ನೋಡಲು, ತಪ್ಪಿದ್ದರೆ ಆಕ್ಷೇಪಣೆ ಹಾಕಲು ಬೆಳೆ ದರ್ಶಕ ಅಂತ ಆ್ಯಪ್ ಇದೆ. ಅದರಲ್ಲಿ ಪಕ್ಕದ ಹುಡುಗ ಆಕೆಯ ಹೆಸರಲ್ಲಿ ಆಕ್ಷೇಪಣೆ ಹಾಕಿದ. ನನ್ನ ಹತ್ತಿರ ಆ ಹೊಲದ ಮೂರು ಫೋಟೊ ಇದ್ದವು. ಬದುವಿನ ಮೇಲೆ ನಿಂತು ನನ್ನ ಹೊಲದ ಫೋಟೊ ತೆಗೆಯುವಾಗ ಆಕೆಯದೂ ಬಂದಿತ್ತು. ಬಾಂದಗಲ್ಲು ಕಾಣುತ್ತಿತ್ತು, ಆಚೆಗೆ ಊರಿಗೆಲ್ಲ ಗೊತ್ತಿರುವ ಬೇವಿನ ಮರ ಕಾಣುತ್ತಿತ್ತು. ತಾರೀಖು ಈ ಸಲ ಸರಿ ಇತ್ತು. ಅದನ್ನು ಮುದ್ರಿಸಿ ಕೊಟ್ಟೆವು. ಗ್ರಾಮ ಲೆಕ್ಕಿಗರು ಬಂದು ಹೊಲ ತುಳಿದು ನೋಡಿ ತಿದ್ದಿಸಿದರು. ಬರೀ ಫೋಟೊದಿಂದ ತಿದ್ದಿದರು ಅಂತಲ್ಲ, ಫೋಟೊ ಇದ್ದದ್ದಕ್ಕೆ ಬಂದು ನೋಡಿದರು.

ಆ ಹೊತ್ತಿನಿಂದ ನಾನು ಪಾಲಿಸುವ ಪದ್ಧತಿ ಇಷ್ಟು. ಕ್ಯಾಮೆರಾ ಕೈಗೆತ್ತಿಕೊಂಡಾಗೆಲ್ಲ ಗಡಿಯಾರವನ್ನು ಫೋನಿನ ಜೊತೆ ತಾಳೆ ನೋಡುತ್ತೇನೆ. ಮೊದಲನೇ ಫೋಟೊ ದೂರದ್ದು, ಬಾಂದಗಲ್ಲು ಅಥವಾ ಗುರುತಿನ ಗಿಡ ಬರಬೇಕು. ಆಮೇಲೆ ಹತ್ತಿರದ್ದು. ಈ ಕ್ಯಾಮೆರಾದಲ್ಲಿ ಸ್ಥಳ ಗುರುತು ಹಿಡಿಯುವ ಜಿಪಿಎಸ್ ಇಲ್ಲ. ಹಾಗಾಗಿ ಅಲ್ಲೇ ನಿಂತು ಮೊಬೈಲಿನಲ್ಲೂ ಜಿಪಿಎಸ್ ಹಚ್ಚಿ ಒಂದು ತೆಗೆಯುತ್ತೇನೆ. ಸರಕಾರದ ಆ್ಯಪಿಗೆ ಮೊಬೈಲಿನಿಂದ ಅದರ ಒಳಗೇ ತೆಗೆದದ್ದು ಬೇಕು, ಕ್ಯಾಮೆರಾದ್ದು ನಡೆಯುವುದಿಲ್ಲ. ಕ್ಯಾಮೆರಾದ್ದು ನಮ್ಮ ಸಾಕ್ಷಿ. ಕಾರ್ಡಿನಲ್ಲಿರುವ ಮೂಲ ಫೋಟೊ ಅಳಿಸುವುದಿಲ್ಲ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ತೆಗೆದ ತಾರೀಖಿನ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಒಂಬತ್ತನೆತ್ತೆ ಓದುವ ಮೊಮ್ಮಗಳು.

ಹುಳದ ತಲೆಯ ಮೇಲಿನ ಗೆರೆ

ಪರಿಹಾರದ ಮಾತೇ ಆಯಿತು. ದಿನನಿತ್ಯದ ಉಪಯೋಗ ಬೇರೆ ಇದೆ, ನನಗೆ ಅದೇ ಹೆಚ್ಚಿನದು.

ಪಕ್ಕದ ಹೊಲದವರು ಹನಿ ನೀರಿನಲ್ಲಿ ಗೋವಿನಜೋಳ ಹಾಕಿದ್ದರು. ಸುಳಿ ಹರಿದು ಹಿಕ್ಕೆ ತುಂಬಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ಕೃಷಿ ವಿಜ್ಞಾನಿಯೊಬ್ಬರಿಗೆ ಕಳಿಸಿದರು. ಹುಳ ಮಸುಕು ಮಸುಕು. "ಕಾಂಡಕೊರಕವೋ ಸೈನಿಕ ಹುಳವೋ ಗೊತ್ತಾಗ್ತಿಲ್ಲ, ಸರಿಯಾಗಿ ತೆಗೆದು ಕಳಿಸಿ" ಅಂದರಂತೆ. ನನ್ನನ್ನು ಕರೆದರು. ಕ್ಯಾಮೆರಾದ ಜೊತೆ ಬರುವ ಸಾದಾ ಲೆನ್ಸಿನ ಮುಂದೆ ಮೊಮ್ಮಗಳ ಭೂತಗನ್ನಡಿ ಹಿಡಿದು ತೆಗೆದೆ. ಹತ್ತರಲ್ಲಿ ಎಂಟು ಹಾಳಾದವು, ಎರಡು ಬಂದವು. ಹುಳದ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂತೆ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಫೋನಿನ ಪರದೆಯಲ್ಲಿ ದೊಡ್ಡದು ಮಾಡಿದಾಗ ಎಲ್ಲರಿಗೂ ಕಂಡಿತು. ಅಲ್ಲಿಂದಲೇ ಕಳಿಸಿದೆವು. ಫಾಲ್ ಆರ್ಮಿವರ್ಮ್, ಅಂದರೆ ಹೊಸ ಸೈನಿಕ ಹುಳ ಅಂತ ಅರ್ಧ ತಾಸಿನಲ್ಲಿ ಉತ್ತರ ಬಂತು. ಇದು ಅಮೆರಿಕದ ಕಡೆಯ ಹುಳ. ಭಾರತದಲ್ಲಿ ಮೊದಲು ಕಂಡದ್ದು ನಮ್ಮ ರಾಜ್ಯದಲ್ಲೇ, ಶಿವಮೊಗ್ಗದ ಕಡೆ, 2018ರ ಮೇ ತಿಂಗಳಲ್ಲಿ. ಜೋಳಕ್ಕೂ ಬರುತ್ತದೆ ಅಂದಾಗ ನನ್ನ ಎದೆ ಧಸಕ್ ಅಂದಿತು. ಅಂಗಡಿಗೆ ಹೋಗಿ "ಹುಳ ಬಿದ್ದಾವ, ಏನರ ಕೊಡ್ರಿ" ಅಂದರೆ ಯಾವುದೋ ಬಾಟಲಿ ಕೊಡುತ್ತಾರೆ. ಹುಳದ ಹೆಸರು ಹಿಡಿದುಕೊಂಡು ಹೋದರೆ ಆ ಆಟ ನಡೆಯುವುದಿಲ್ಲ.

ಕಡಲೆಯಲ್ಲೂ ಹಾಗೇ. ಕಾಯಿಕೊರಕದ ತತ್ತಿ ಗಸಗಸೆ ಕಾಳಿನಷ್ಟು. ಐವತ್ತು ದಾಟಿದ ನನ್ನ ಕಣ್ಣಿಗೆ ಅದು ಕಾಣುವುದಿಲ್ಲ. ಫೋಟೊ ತೆಗೆದು ಫೋನಿನಲ್ಲಿ ಹಿಗ್ಗಿಸಿ ನೋಡುತ್ತೇನೆ. ತತ್ತಿ ಇದ್ದಾಗಲೇ ಗೊತ್ತಾದರೆ ಬೇವಿನ ಬೀಜದ ಕಷಾಯದಲ್ಲಿ ಮುಗಿಯುತ್ತದೆ, ಹುಳ ಬೆಳೆದ ಮೇಲೆ ಬೇವಿಗೆ ಬಗ್ಗುವುದಿಲ್ಲ. ಮತ್ತೊಂದು ಮೋಜು. ಕ್ಯಾಮೆರಾವನ್ನು ಜೋಳದ ಹೊಲದಲ್ಲಿ ಕಂಬಕ್ಕೆ ಕಟ್ಟಿ, ಏಳೆಂಟು ಮಾರು ದೂರ ಕೂತು ಫೋನಿನ ಪರದೆಯಲ್ಲೇ ನೋಡುತ್ತ ಫೋಟೊ ಒತ್ತಬಹುದು. ತೆನೆ ತಿನ್ನುವ ಹಕ್ಕಿ ಯಾವುದು, ಹುಳ ಹಿಡಿಯಲು ಬರುವ ಹಕ್ಕಿ ಯಾವುದು ಅಂತ ಹಾಗೆ ಕೂತು ತಿಳಿದೆ. ಎಲ್ಲಾ ಹಕ್ಕಿಗೂ ಕವಣೆ ಬೀಸುವುದನ್ನು ಬಿಟ್ಟೆ.

ಎಲ್ಲರೂ ಕೊಳ್ಳಬೇಕೆ?

ಬೇಡ. ಇದನ್ನು ಸ್ಪಷ್ಟ ಹೇಳುತ್ತೇನೆ. ಸಾಲ ಮಾಡಿ ಕ್ಯಾಮೆರಾ ತರುವವನು ಹುಚ್ಚ. ಹತ್ತರಲ್ಲಿ ಎಂಟು ಕೆಲಸ ಒಳ್ಳೆಯ ಮೊಬೈಲಿನಲ್ಲೇ ಆಗುತ್ತವೆ. ಸ್ಥಳದ ಗುರುತಿನ ವಿಷಯದಲ್ಲಂತೂ ಮೊಬೈಲೇ ಮುಂದೆ. ಈ ಹಳೇ ಕ್ಯಾಮೆರಾ ಹೆಚ್ಚಿನದು ಅನ್ನಿಸಿಕೊಳ್ಳುವುದು ಮಬ್ಬು ಬೆಳಕಿನಲ್ಲಿ, ಸಣ್ಣ ಹುಳಕ್ಕೆ, ದೂರದ ಪ್ರಾಣಿಗೆ. ದೂರಕ್ಕೆ ಬೇರೆ ಉದ್ದನೆ ಲೆನ್ಸ್ ಬೇಕು, ಅದಕ್ಕೆ ಮತ್ತೆ ರೊಕ್ಕ. ಕತ್ತರಿಸಿದ ಬಿಲ್ಲೆಯ ಒಂದು ಲಾಭ ಅಂದರೆ ದೂರದ್ದು ಒಂದೂವರೆ ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ. ಇನ್ನು ಎರಿ ಮಣ್ಣಿನ ಧೂಳು ಇದರ ವೈರಿ. ಗಾಳಿ ಇದ್ದಾಗ ಹೊಲದಲ್ಲಿ ಲೆನ್ಸ್ ಬಿಚ್ಚಿದರೆ ಬಿಲ್ಲೆಯ ಮೇಲೆ ಧೂಳು ಕೂತು ಎಲ್ಲಾ ಫೋಟೊದಲ್ಲೂ ಕರೀ ಚುಕ್ಕೆ. ನಾನು ರೋಗದ ಚುಕ್ಕೆ ಅಂತ ಒಂದು ವಾರ ಹೆದರಿದ್ದೆ.

ನಾನು ಹೇಳುವುದು ಐದಾರು ಮನೆಗೆ ಒಂದು, ಅದೂ ಹಳೆಯದು. ಮದುವೆ ಫೋಟೊದವರು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಾರೆ, ಹಳೆಯವು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಕೊಳ್ಳುವಾಗ ವೈಫೈ ಇದೆಯೋ ಇಲ್ಲವೋ ಕೇಳಿ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಜೋಡಿಸಿ ತೋರಿಸಲು ಹೇಳಿ. ವೈಫೈ ಇಲ್ಲದಿದ್ದರೆ ಫೋಟೊ ಕ್ಯಾಮೆರಾದಲ್ಲೇ ಕೊಳೆಯುತ್ತದೆ. ಕಂಪ್ಯೂಟರ್ ಇದ್ದವರ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ 72 ಗಂಟೆ ಮುಗಿದಿರುತ್ತದೆ.

ನಮ್ಮ ತಾಲೂಕಿನಲ್ಲಿ ಹುನಗುಂದದ ನಾಗರಾಳ ಮನೆತನದವರ ಒಡ್ಡುಗಳು ಹೆಸರಾದವು. ಇಳಿಜಾರು ಹೊಲಕ್ಕೆ ಒಡ್ಡು ಹಾಕಿ, ಹೆಚ್ಚಾದ ನೀರು ಕಲ್ಲಿನ ಗುಂಡಾವರ್ತಿಯಿಂದ ಇಳಿಯುವಂತೆ ಮಾಡಿ ಮಳೆ ನೀರು, ಮಣ್ಣು ಎರಡನ್ನೂ ಹಿಡಿದವರು. ಅದನ್ನು ನೋಡಿ ನನ್ನಪ್ಪನೂ ಎರಡು ಒಡ್ಡು ಹಾಕಿದ್ದ. ಯಾವ ಒಡ್ಡಿನ ಹಿಂದೆ ಎಷ್ಟು ದಿನ ನೀರು ನಿಂತಿತ್ತು, ಅಲ್ಲಿ ಜೋಳ ಹೇಗೆ ಬಂತು ಅನ್ನುವುದು ಅವನ ಬಾಯಲ್ಲಿ ಇತ್ತು. ಅವನ ಜೊತೆಗೇ ಹೋಯಿತು. ನಾನು ಈಗ ಪ್ರತಿ ದೊಡ್ಡ ಮಳೆಯ ಮರುದಿನ ಅದೇ ಕಲ್ಲಿನ ಮೇಲೆ ನಿಂತು ಅದೇ ಕಡೆಗೆ ಒಂದು ಫೋಟೊ ತೆಗೆಯುತ್ತೇನೆ. ಹುಬ್ಬಿ, ಉತ್ತರಿ, ಹಸ್ತ ಅಂತ ಮಳೆಯ ಹೆಸರನ್ನು ವಹಿಯಲ್ಲಿ ಬರೆದಿಡುತ್ತೇನೆ. ನಾಲ್ಕು ವರ್ಷದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಮೇಲಿನ ಒಡ್ಡು ಪಡುವಣ ಮೂಲೆಯಲ್ಲಿ ವರ್ಷ ವರ್ಷ ಕುಸಿಯುತ್ತಿದೆ ಅಂತ ಗೊತ್ತಾಯಿತು. ದಿನಾ ಅದರ ಮೇಲೆ ತಿರುಗಾಡಿದರೂ ಕಣ್ಣಿಗೆ ಬಿದ್ದಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಆರು ಗಾಡಿ ಕಲ್ಲು ಹೇರಿದೆವು.

ಈಗ ನಾವು ಐದು ಮನೆಯವರು ಕೂಡಿದ್ದೇವೆ. ಕ್ಯಾಮೆರಾ ಇರುವುದು ನನ್ನ ಮನೆಯಲ್ಲಿ, ಬ್ಯಾಟರಿ ಚಾರ್ಜ್ ಮಾಡುವುದು ಎದುರು ಮನೆಯವರು, ಫೋಟೊ ಇಳಿಸಿ ಹೆಸರು ಹಾಕಿಡುವುದು ಮೊಮ್ಮಗಳು. ಎರಡನೇ ಬ್ಯಾಟರಿಗೆ ಎಲ್ಲರೂ ವಂತಿಗೆ ಹಾಕಿದೆವು. ಬಿಲ್ಲೆಯ ಮೇಲಿನ ಧೂಳನ್ನು ಒರೆಸಿಕೊಡುತ್ತೇನೆ ಅಂತ ಅಳಿಯ ಹೇಳಿ ಆರು ತಿಂಗಳಾಯಿತು, ಮದುವೆ ಸುಗ್ಗಿ ಮುಗಿಯಲಿ ಅಂತಾನೆ.